ಎಂಟು ಸೊನ್ನೆಗಳ ಬೀಗದ ಕೈ

ಬೆಳಗ್ಗೆ ಕಛೇರಿಗೆ ಬಂದ ಗುಮಾಸ್ತರು ಕಂಪ್ಯೂಟರಿನ ಮುಂದೆ ಕುಳಿತು ತಮ್ಮ ಹೆಸರನ್ನೂ ಗುಪ್ತಪದವನ್ನೂ ಒತ್ತುತ್ತಾರೆ. ಅರೆಕ್ಷಣದಲ್ಲಿ ಪರದೆ ತೆರೆದುಕೊಳ್ಳುತ್ತದೆ. ಆ ಅರೆಕ್ಷಣದಲ್ಲಿ ನಡೆದುದೇನು? ಮೇಜಿನ ಮೇಲಿನ ಯಂತ್ರವು, ಗುಮಾಸ್ತರು ಎಂದೂ ಕಣ್ಣಿಂದ ಕಂಡಿರದ ಮತ್ತೊಂದು ಯಂತ್ರವನ್ನು “ಇವರು ನಮ್ಮವರೇ?” ಎಂದು ಕೇಳಿತು. ಅದು ತನ್ನ ದಫ್ತರವನ್ನು ನೋಡಿ “ಅಹುದು” ಎಂದಿತು.

ಆ ದಫ್ತರಕ್ಕೆ ಡೈರೆಕ್ಟರಿ ಎಂದು ಹೆಸರು. ಟೆಲಿಫೋನ್ ಡೈರೆಕ್ಟರಿಯಂತೆ ಇದೂ ಹೆಸರುಗಳ ಪಟ್ಟಿಯೇ ಆದರೂ ಇದರಲ್ಲಿರುವುದು ಅದಕ್ಕಿಂತ ಬಹಳ ಹೆಚ್ಚು. ಕಛೇರಿಯ ನೌಕರರು ಯಾರು, ಯಂತ್ರಗಳು ಯಾವುವು, ಯಾರು ಯಾವ ಕಡತವನ್ನು ತೆರೆಯಬಹುದು ಎಂಬುದೆಲ್ಲವೂ, ಪ್ರತಿಯೊಬ್ಬರ ಗುಪ್ತಪದದ ಗುರುತಿನೊಡನೆ, ಇದರಲ್ಲಿ ಅಡಗಿರುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು ‘ವಿಂಡೋಸ್ 2000’ರೊಡನೆ ಹೊರತಂದ ಆಕ್ಟಿವ್ ಡೈರೆಕ್ಟರಿ ಎಂಬುದು ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಇಲಾಖೆಗಳೆನ್ನದೆ ಲೋಕದ ಅಸಂಖ್ಯ ಕಛೇರಿಗಳಲ್ಲಿ ನೆಲೆಯೂರಿದೆ. ಅದನ್ನು ಕಾಯುವ ಯಂತ್ರವೇ ಡೊಮೈನ್ ಕಂಟ್ರೋಲರ್. ತುಂಬಿದ ಮನೆಯಲ್ಲಿ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿ ಇದ್ದಂತೆ ಅದು. ಆ ಗೊಂಚಲು ಕೈಗೆ ಸಿಕ್ಕಿದ ಕಳ್ಳನು ಉಗ್ರಾಣ, ಕೋಣೆ, ತಿಜೋರಿಗಳ ಬೀಗವನ್ನು ಒಂದೊಂದಾಗಿ ಮುರಿಯುವ ಶ್ರಮವೇನೂ ಇಲ್ಲ.

ಹಾಲೆಂಡಿನ ಸೆಕ್ಯೂರಾ ಎಂಬ ಸಂಸ್ಥೆಯ ಟಾಮ್ ಟೆರ್‌ವೂರ್ಟ್ ಎಂಬವರು ಕೈಯಿಟ್ಟುದು ಈ ಗೊಂಚಲಿನ ಮೇಲೆಯೇ. ಡೊಮೈನ್ ಕಂಟ್ರೋಲರಿನೊಡನೆ ಇತರ ಯಂತ್ರಗಳು ಮಾತನಾಡುವ ನೆಟ್‌ಲಾಗನ್ ಎಂಬ ಪದ್ಧತಿಯಲ್ಲಿ 2019ರಲ್ಲಿ ಅವರಿಗೆ ಒಂದು ಸಣ್ಣ ದೋಷ ಕಂಡಿತ್ತು. ಮರುವರ್ಷ ಮತ್ತೆ ಅಲ್ಲಿಯೇ ಕೆದಕಿದಾಗ ಸಿಕ್ಕಿದ್ದು ಸಣ್ಣದಾಗಿರಲಿಲ್ಲ.

ಎರಡು ಯಂತ್ರಗಳು ಗುರುತು ಹಿಡಿಯುವ ಬಗೆ ಹೀಗೆ: ಬಂದ ಯಂತ್ರವು ಎಂಟು ಅಂಕಿಗಳ ಒಂದು ಸಾಲನ್ನು ಕೊಡುತ್ತದೆ, ಕಾವಲಿನ ಯಂತ್ರವು ತನ್ನದೊಂದು ಸಾಲನ್ನು ಕೊಡುತ್ತದೆ. ಎರಡನ್ನೂ ತಮ್ಮಿಬ್ಬರಿಗೆ ಮಾತ್ರ ತಿಳಿದ ಗುಪ್ತಪದದೊಡನೆ ಬೆರೆಸಿ, ಆ ಹೊತ್ತಿಗಷ್ಟೇ ಸಲ್ಲುವ ಕೀಲಿಯೊಂದನ್ನು ಇಬ್ಬರೂ ಪ್ರತ್ಯೇಕವಾಗಿ ಮಾಡಿಕೊಳ್ಳುತ್ತಾರೆ. ಬಂದ ಯಂತ್ರವು ತಾನು ಕೊಟ್ಟ ಸಾಲನ್ನು ಆ ಕೀಲಿಯಿಂದ ಗೂಢಲಿಪಿಗೆ ತಿರುಗಿಸಿ ತೋರಿಸಬೇಕು. ಗುಪ್ತಪದವನ್ನರಿಯದವನಿಗೆ ಇದು ಅಸಾಧ್ಯವೆಂದೇ ಎಲ್ಲರ ಎಣಿಕೆ.

ಗೂಢಲಿಪಿಯೂ ಸಾಮಾನ್ಯವಾದುದಲ್ಲ. ಬೆಲ್ಜಿಯಂ ದೇಶದ ಇಬ್ಬರು ವಿದ್ವಾಂಸರು ರೂಪಿಸಿ, 2001ರಲ್ಲಿ ಅಮೆರಿಕ ಸರ್ಕಾರವು ಪ್ರಮಾಣವೆಂದು ಅಂಗೀಕರಿಸಿದ ಎ.ಇ.ಎಸ್. ಎಂಬ ವಿಧಾನವದು. ಬೀಗದಲ್ಲಿ ಕುಂದಿರಲಿಲ್ಲ, ಅದನ್ನು ಜೋಡಿಸಿದ ರೀತಿಯಲ್ಲಿತ್ತು. ಲಿಪಿಯನ್ನು ಆರಂಭಿಸಲು ಪ್ರತಿ ಸಲವೂ ಹೊಸದಾಗಿ, ಯಾರೂ ಊಹಿಸದಂತೆ ಆರಿಸಬೇಕಾದ ಹದಿನಾರು ಅಂಕಿಗಳನ್ನು ಪದ್ಧತಿಯನ್ನು ಬರೆದವರು ಶಾಶ್ವತವಾಗಿ ಸೊನ್ನೆಗಳೆಂದೇ ಗೊತ್ತುಮಾಡಿಬಿಟ್ಟಿದ್ದರು. ಈಗ ವಂಚಕನು ತನ್ನ ಸಾಲಿನಲ್ಲಿ ಎಂಟೂ ಸೊನ್ನೆಗಳನ್ನೇ ಕೊಟ್ಟನೆನ್ನಿ. ಗೂಢಲಿಪಿಯ ಮೊದಲ ಅಂಕಿ ಸೊನ್ನೆಯಾಗಿ ಬಂದಿತೋ, ಉಳಿದ ಏಳೂ ಸೊನ್ನೆಗಳೇ ಆಗಲೇಬೇಕು! ಒಂದು ಅಂಕಿಗೆ 256 ಬೆಲೆಗಳು. ಆದುದರಿಂದ 256ರಲ್ಲಿ ಒಂದು ಸಲ, ಗುಪ್ತಪದದ ಗಂಧವೂ ಇಲ್ಲದವನು ಎಂಟು ಸೊನ್ನೆಗಳನ್ನು ತೋರಿಸಿ ಒಳಗೆ ಹೋಗಬಲ್ಲನು.

ಮನುಷ್ಯರ ಖಾತೆಯಾದರೆ ಕೆಲವು ಸಲ ತಪ್ಪಿದೊಡನೆ ಬೀಗ ಬೀಳುವಂತೆ ಏರ್ಪಡಿಸುವುದುಂಟು. ಯಂತ್ರದ ಖಾತೆಗೆ ಆ ತಡೆಯಿರಲಿಲ್ಲ. ಸುಮಾರು ಮೂರು ಸೆಕೆಂಡು ಬಡಿದರೆ ಬಾಗಿಲು ತೆರೆಯುತ್ತಿತ್ತು. ಒಳಹೊಕ್ಕವನು ಸ್ವತಃ ಡೊಮೈನ್ ಕಂಟ್ರೋಲರಿನ ಗುಪ್ತಪದವನ್ನೇ ಅಳಿಸಿ ಖಾಲಿ ಮಾಡಬಹುದಾಗಿತ್ತು. ಅಲ್ಲಿಗೆ ಗೊಂಚಲು ಅವನ ಕೈಸೇರಿದಂತೆ. ಇಷ್ಟಕ್ಕೆ ಅವನು ಕಛೇರಿಯ ಒಳಜಾಲದಲ್ಲಿ ಎಲ್ಲಿಯೋ ಒಂದೆಡೆ ಕಾಲೂರಿರಬೇಕು. ಮೋಸದ ಅಂಚೆಯೊಂದನ್ನು ಅರಿಯದೆ ತೆರೆಯುವ ನೌಕರನೊಬ್ಬನಿದ್ದರೆ ಅದೂ ಕಷ್ಟವಲ್ಲ.

ಅಪಾಯವನ್ನಳೆಯುವ ಹತ್ತರ ಮಾಪನದಲ್ಲಿ ಇದಕ್ಕೆ ದೊರೆತುದು ಪೂರ್ಣ ಹತ್ತು. 2020ರ ಆಗಸ್ಟ್ 11ರಂದು ಮೈಕ್ರೋಸಾಫ್ಟ್ ಇದಕ್ಕೊಂದು ತೇಪೆಯನ್ನು ಹೊರಡಿಸಿತು. ಆದರೆ ಅದು ಅರ್ಧ ತೇಪೆ. ಗುರುತು ಹಿಡಿದ ಬಳಿಕ ಮಾತುಕತೆಯೆಲ್ಲ ಮುದ್ರೆಯೊತ್ತಿದ ಲಕೋಟೆಯಲ್ಲಿ ನಡೆಯಬೇಕೆಂದು ವಿಧಿಸಿದರೆ, ಮುದ್ರೆಯನ್ನೇ ಅರಿಯದ ಹಳೆಯ ಸಾಧನಗಳು ಒಮ್ಮೆಲೇ ಹೊರಬೀಳುವ ಭಯವಿತ್ತು. ಆದುದರಿಂದ ವಿಂಡೋಸ್ ಯಂತ್ರಗಳಿಗೆ ಮಾತ್ರ ಕಟ್ಟುನಿಟ್ಟು ಮಾಡಿ, ಉಳಿದವು ಹಳೆಯ ರೀತಿಯಲ್ಲಿ ಬಂದರೆ 5829 ಎಂಬ ಸಂಖ್ಯೆಯೊಡನೆ ದಾಖಲೆಯಲ್ಲಿ ಎಚ್ಚರಿಕೆ ಬರೆದಿಡುವ ಏರ್ಪಾಡಾಯಿತು. ಇದೇ ಕೆಲಸವನ್ನು ಮಾಡುವ ಸಾಂಬಾ ಎಂಬ ತಂತ್ರಾಂಶದವರು ಮುದ್ರೆಯ ನಿಯಮವನ್ನು 2018ರಲ್ಲಿಯೇ ರೂಢಿಗೆ ತಂದಿದ್ದರೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ತೇಪೆ ಬಂದ ಮಾತ್ರಕ್ಕೆ ಹಚ್ಚಿದಂತಾಗಲಿಲ್ಲ. ಕಾವಲಿನ ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ಅಷ್ಟು ಹೊತ್ತು ಅದರ ಕಾವಲನ್ನು ಬೇರೊಂದು ಯಂತ್ರ ಹೊರಬೇಕು. ಇಂದು ನಾಳೆ ಎಂದು ದಿನ ತಳ್ಳಿದವರು ಬಹಳ ಮಂದಿ. ಸೆಪ್ಟೆಂಬರಿನಲ್ಲಿ ಸೆಕ್ಯೂರಾ ತನ್ನ ಶೋಧನೆಯ ವಿವರವನ್ನು ಪ್ರಕಟಿಸಿದ ಕೆಲವೇ ದಿನಗಳಲ್ಲಿ ಬೀಗ ತೆರೆಯುವ ಸಿದ್ಧ ಉಪಕರಣಗಳು ಯಾರ ಕೈಗೂ ಎಟುಕುವಂತಾದುವು. ಸೆಪ್ಟೆಂಬರ್ 18, ಶುಕ್ರವಾರ, ಅಮೆರಿಕದ ಸೈಬರ್ ಸುರಕ್ಷಾ ಸಂಸ್ಥೆಯು ತುರ್ತು ಆಜ್ಞೆಯೊಂದನ್ನು ಹೊರಡಿಸಿತು: ಕೇಂದ್ರ ಸರ್ಕಾರದ ನಾಗರಿಕ ಇಲಾಖೆಗಳೆಲ್ಲ ಸೋಮವಾರದ ನಡುರಾತ್ರಿಯೊಳಗೆ ತೇಪೆ ಹಚ್ಚಬೇಕು, ಹಚ್ಚಲಾಗದ ಡೊಮೈನ್ ಕಂಟ್ರೋಲರನ್ನು ಜಾಲದಿಂದ ಕಿತ್ತುಹಾಕಬೇಕು. ಎಷ್ಟೋ ಮಂದಿ ತಂತ್ರಜ್ಞರ ಪಾಲಿಗೆ ಆ ಶನಿವಾರ ಭಾನುವಾರಗಳು ರಜೆಯಾಗಲಿಲ್ಲ.

ಭಯ ನಿರಾಧಾರವಾಗಿರಲಿಲ್ಲ. ಅದೇ ಶರತ್ಕಾಲದಲ್ಲಿ ರ್ಯೂಕ್ ಎಂಬ ಒತ್ತೆಹಣದ ತಂಡದವರು ಒಂದು ಸಂಸ್ಥೆಗೆ ನುಗ್ಗಿ, ಈ ಬಾಗಿಲನ್ನೇ ಬಳಸಿ, ಮೋಸದ ಅಂಚೆಯಿಂದ ತೊಡಗಿ ಕಡತಗಳಿಗೆಲ್ಲ ಬೀಗ ಜಡಿಯುವವರೆಗಿನ ಕೆಲಸವನ್ನು ಐದು ಗಂಟೆಗಳಲ್ಲಿ ಮುಗಿಸಿದ್ದರು.

ತೇಪೆಯ ಉಳಿದರ್ಧವು 2021ರ ಫೆಬ್ರವರಿ 9ರಂದು ಬಂದಿತು. ಅಂದಿನಿಂದ ಮುದ್ರೆಯಿಲ್ಲದೆ ಬಂದ ಯಾವ ಸಾಧನಕ್ಕೂ ಒಳಗೆ ಪ್ರವೇಶವಿಲ್ಲವೆಂದು ಕಟ್ಟಳೆಯಾಯಿತು. ಆದರೂ, ತೀರ ಹಳೆಯದಾದ, ಬಿಡಲಾರದ ಯಂತ್ರವೇನಾದರೂ ಇದ್ದಲ್ಲಿ ಅದರ ಹೆಸರನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದಿಡಲು ಅವಕಾಶವನ್ನಿತ್ತರು. ಆ ಪಟ್ಟಿಯಲ್ಲಿ ಹೆಸರಿದ್ದವುಗಳಿಗೆ ಹಳೆಯ ಬಾಗಿಲು ತೆರೆದೇ ಇದ್ದಿತು.