ವಿಷಮದ್ಯಕ್ಕೆ ಪ್ರತಿವಿಷ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ವಿಷಮದ್ಯವನ್ನು ಕುಡಿದು ಕಣ್ಣು ಮಂಜಾದವನಿಗೆ ವೈದ್ಯರು ಮತ್ತೊಂದು ಬಗೆಯ ಮದ್ಯಸಾರವನ್ನೇ ಔಷಧವಾಗಿ ಕೊಡುವುದುಂಟೆಂದು ಕೇಳಿದವರಿಗೆ ಈ ಗಾದೆ ನೆನಪಿಗೆ ಬರುವುದು ಸಹಜ. ಆದರೆ ಇಲ್ಲಿ ಗಾದೆಯ ಮಾತು ಅರ್ಧ ಮಾತ್ರ ಸತ್ಯ. ಎರಡನೆಯ ಮದ್ಯಸಾರವು ಮೊದಲನೆಯದರೊಡನೆ ಕಾದಾಡುವುದಿಲ್ಲ. ಅದನ್ನು ನಾಶಮಾಡುವುದೂ ಇಲ್ಲ, ಹೊರಕ್ಕೆ ತಳ್ಳುವುದೂ ಇಲ್ಲ. ಅದು ಮಾಡುವ ಕೆಲಸವೇ ಬೇರೆ. ಆ ಕೆಲಸ ಎಂತಹದೆಂಬುದನ್ನೂ, ಅದಕ್ಕೆ ವೇಳೆಯ ಕಟ್ಟು ಏಕೆ ಇದೆಯೆಂಬುದನ್ನೂ ಈ ಹೊತ್ತು ವಿಚಾರ ಮಾಡೋಣ.

ಇದು ಕೇವಲ ರಸಾಯನಶಾಸ್ತ್ರದ ಕುತೂಹಲವಲ್ಲ. ೧೯೮೧ನೆಯ ಇಸವಿಯ ಜುಲೈ ತಿಂಗಳಲ್ಲಿ ಬೆಂಗಳೂರು ನಗರದಲ್ಲಿ ವಿಷಮಿಶ್ರಿತವಾದ ಸಾರಾಯಿಯನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಮೃತರಾದರು. ೨೦೦೮ನೆಯ ಇಸವಿಯ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಸೀಮೆಗಳಲ್ಲಿಯೂ ನೆರೆಯ ಕೃಷ್ಣಗಿರಿ ಜಿಲ್ಲೆಯಲ್ಲಿಯೂ ಕೂಡಿ ನೂರಕ್ಕೂ ಮಿಕ್ಕ ಜನ ಇದೇ ರೀತಿ ಸತ್ತರು. ೨೦೨೪ನೆಯ ಇಸವಿಯ ಜೂನ್ ತಿಂಗಳಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಅರುವತ್ತಕ್ಕೂ ಹೆಚ್ಚು ಪ್ರಾಣಗಳು ಹೋದುವು. ಸತ್ತವರಲ್ಲಿ ಬಹುಮಂದಿ ಕೂಲಿಯವರು. ದಿನದ ದುಡಿಮೆಯಿಂದ ಸಂಸಾರವನ್ನು ಸಾಗಿಸುತ್ತಿದ್ದವರು. ಬದುಕಿ ಉಳಿದವರಲ್ಲಿಯೂ ಕೆಲವರು ದೃಷ್ಟಿಯನ್ನು ಶಾಶ್ವತವಾಗಿ ಕಳೆದುಕೊಳ್ಳುವುದು ಇಂತಹ ದುರಂತಗಳಲ್ಲೆಲ್ಲ ಕಂಡುಬಂದಿರುವ ಸಂಗತಿ.

ಆಲ್ಕೊಹಾಲ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಲದ ಹೆಸರು. ಧಾನ್ಯ, ಬೆಲ್ಲ, ಹಣ್ಣುಗಳು ಹುಳಿತು ಹುಟ್ಟುವ ಮದ್ಯಗಳಲ್ಲಿ ಮುಖ್ಯವಾಗಿರುವುದು ಈಥೈಲ್ ಆಲ್ಕೊಹಾಲ್. ಅದರ ತಮ್ಮನೆನ್ನಬಹುದಾದ ಮಿಥೈಲ್ ಆಲ್ಕೊಹಾಲಿನ ಕಣದಲ್ಲಿ ಇಂಗಾಲದ ಪರಮಾಣು ಎರಡರ ಬದಲು ಒಂದೇ ಇರುತ್ತದೆ. ೧೬೬೧ನೆಯ ಇಸವಿಯಲ್ಲಿ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ಕಟ್ಟಿಗೆಯನ್ನು ಬಟ್ಟಿಯಿಳಿಸಿ ಇದನ್ನು ಬೇರ್ಪಡಿಸಿದನು; ೧೮೩೪ರಲ್ಲಿ ಫ್ರಾನ್ಸಿನ ಡ್ಯೂಮಾ ಮತ್ತು ಪೆಲಿಗೋ ಎಂಬ ಇಬ್ಬರು ಇದರ ಘಟನೆಯನ್ನು ನಿರ್ಧರಿಸಿದರು. ಮರದಿಂದ ಬಂದುದರಿಂದ ಇದಕ್ಕೆ ಕಾಷ್ಠಸಾರವೆಂಬ ಹೆಸರೂ ಸಲ್ಲುತ್ತದೆ. ಇಂದು ಇದನ್ನು ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ ಹೇರಳವಾಗಿ ತಯಾರಿಸಿ, ಬಣ್ಣ, ಮೆರುಗೆಣ್ಣೆ ಮೊದಲಾದುವುಗಳ ಕೈಗಾರಿಕೆಯಲ್ಲಿ ಉಪಯೋಗಿಸುತ್ತಾರೆ.

ಕಳ್ಳಭಟ್ಟಿಗೆ ಇದು ಬರುವುದು ಹುಳಿಯುವ ಕ್ರಿಯೆಯಿಂದಲೇ ಎಂದು ಹಲವರು ತಿಳಿದಿರುವರು. ಹುಳಿಯುವಾಗ ಹುಟ್ಟುವ ಮಿಥೈಲ್ ಆಲ್ಕೊಹಾಲ್ ಸಾಮಾನ್ಯವಾಗಿ ಅತ್ಯಲ್ಪ. ಸಾಮೂಹಿಕ ಮರಣಗಳಿಗೆ ಕಾರಣವಾಗುವುದು ಕಾರ್ಖಾನೆಗಳಿಗೆ ಸಲ್ಲಬೇಕಾದ, ಅಗ್ಗವಾದ ದ್ರವವನ್ನು ಲಾಭದಾಸೆಯಿಂದ ಮದ್ಯಕ್ಕೆ ಬೆರೆಸುವ ಪಾತಕ. ಬಣ್ಣದಿಂದಾಗಲಿ ವಾಸನೆಯಿಂದಾಗಲಿ ರುಚಿಯಿಂದಾಗಲಿ ಕುಡಿಯುವವನು ಇವೆರಡರ ಭೇದವನ್ನು ಅರಿಯಲಾರನು. ಶುದ್ಧವಾದ ಮಿಥೈಲ್ ಆಲ್ಕೊಹಾಲ್ ಹತ್ತು ಮಿಲಿಲೀಟರಿನಷ್ಟು, ಎಂದರೆ ಎರಡು ಚಹದ ಚಮಚೆಗಳಷ್ಟು, ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು; ಮೂವತ್ತು ಮಿಲಿಲೀಟರು ಪ್ರಾಣವನ್ನೇ ತೆಗೆಯಬಹುದು.

ಇಷ್ಟು ಘೋರವಾದ ಈ ದ್ರವವು ತಾನಾಗಿಯೇ ದೊಡ್ಡ ವಿಷವಲ್ಲವೆಂದರೆ ಶ್ರೋತೃಗಳು ಬೆರಗಾಗಬಹುದು. ದೇಹವನ್ನು ಹೊಕ್ಕ ಮಿಥೈಲ್ ಆಲ್ಕೊಹಾಲ್ ಸ್ವಲ್ಪ ಅಮಲನ್ನುಂಟುಮಾಡುವುದೇ ಹೊರತು, ಹಾಗೆಯೇ ಉಳಿದು ಉಸಿರಿನಲ್ಲಿಯೂ ಮೂತ್ರದಲ್ಲಿಯೂ ಹೊರಟುಹೋದರೆ ಹೆಚ್ಚಿನ ಹಾನಿಯಿಲ್ಲ. ಹಾನಿ ಮಾಡುವುದು ನಮ್ಮ ಯಕೃತ್ತು ಅದನ್ನು ಮಾರ್ಪಡಿಸಿ ತಯಾರಿಸುವ ಪದಾರ್ಥ. ಯಕೃತ್ತಿನಲ್ಲಿ ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವುಂಟು. ಅದನ್ನು ಒಂದು ಗಾಣವೆಂದು ಭಾವಿಸೋಣ. ಎಳ್ಳನ್ನು ಹಾಕಿದರೆ ಎಳ್ಳೆಣ್ಣೆ, ಬೇವಿನ ಬೀಜವನ್ನು ಹಾಕಿದರೆ ಬೇವಿನೆಣ್ಣೆ. ಒರಳಿಗೆ ಬಿದ್ದುದನ್ನು ಗಾಣ ಅರೆಯುತ್ತದೆ. ಈಥೈಲ್ ಆಲ್ಕೊಹಾಲ್ ಈ ಗಾಣಕ್ಕೆ ಬಿದ್ದರೆ ಕೊನೆಗೆ ಹೊರಬರುವುದು ಅಸಿಟಿಕ್ ಆಮ್ಲ, ಎಂದರೆ ವಿನೆಗರಿನ ಹುಳಿ. ದೇಹವು ಅದನ್ನು ಇಂಧನವನ್ನಾಗಿ ಉಪಯೋಗಿಸಿಕೊಳ್ಳಬಲ್ಲುದು. ಮಿಥೈಲ್ ಆಲ್ಕೊಹಾಲ್ ಬಿದ್ದರೆ ಮೊದಲು ಫಾರ್ಮಾಲ್ಡಿಹೈಡ್ ಆಗಿ, ಅದು ಕೂಡಲೇ ಫಾರ್ಮಿಕ್ ಆಮ್ಲವಾಗಿ ಪರಿಣಮಿಸುತ್ತದೆ. ಇರುವೆಯ ಲ್ಯಾಟಿನ್ ಹೆಸರಿನಿಂದ ಈ ಆಮ್ಲಕ್ಕೆ ಹೆಸರು ಬಂದಿದೆ. ಮಲೆನಾಡಿನವರು ಚಗಳಿ ಇರುವೆಯಿಂದ ಮಾಡುವ ಚಟ್ನಿಯ ಹುಳಿಯೂ ಇದೇ. ಚಟ್ನಿಯಲ್ಲಿರುವಷ್ಟನ್ನು ದೇಹವು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ರಕ್ತದಲ್ಲಿ ಅದು ರಾಶಿಯಾಗಿ ಸೇರಿದರೆ ಮಾತ್ರ ವಿಪತ್ತು.

ಜೀವಕೋಶಗಳು ಆಮ್ಲಜನಕವನ್ನು ಉಪಯೋಗಿಸಿಕೊಂಡು ಶಕ್ತಿಯನ್ನು ಪಡೆಯುವ ಕೊನೆಯ ಮೆಟ್ಟಿಲಿಗೆ ಫಾರ್ಮಿಕ್ ಆಮ್ಲವು ಅಡ್ಡಿಯಾಗುತ್ತದೆ. ಎದೆಯಲ್ಲಿ ಉಸಿರಾಟ ನಡೆಯುತ್ತಿದ್ದರೂ ಕೋಶಗಳು ಒಳಗೊಳಗೇ ಉಸಿರು ಕಟ್ಟುತ್ತವೆ. ಶಕ್ತಿಯ ಕೊರತೆಯನ್ನು ತಾಳಲಾರದ ಕಣ್ಣಿನ ನರವು ಮೊದಲು ಕೆಡುತ್ತದೆ. ಮಿದುಳಿನ ಒಳಭಾಗಗಳೂ ಕೆಡುವುದುಂಟು. ರಕ್ತದ ಹುಳಿ ಏರಿದಂತೆಲ್ಲ ರೋಗಿ ದೀರ್ಘವಾಗಿಯೂ ಬೇಗಬೇಗನೆಯೂ ಉಸಿರಾಡತೊಡಗುತ್ತಾನೆ. ಹೊಟ್ಟೆನೋವು, ವಾಂತಿ, ತಲೆನೋವು ಕಾಣಿಸಿಕೊಳ್ಳುತ್ತವೆ. ಹಿಮ ಬೀಳುವ ಬಯಲಿನಲ್ಲಿ ನಿಂತಂತೆ ಎದುರಿಗೆಲ್ಲ ಬೆಳ್ಳಗೆ ಮಂಜು ಕವಿಯುತ್ತದೆಂದು ರೋಗಿಗಳು ಹೇಳುವುದನ್ನು ವೈದ್ಯಗ್ರಂಥಗಳು ದಾಖಲೆ ಮಾಡಿವೆ.

ಈ ಆಮ್ಲವು ತಯಾರಾಗಿ ಕೂಡಿಕೊಳ್ಳಲು ಹೊತ್ತು ಹಿಡಿಯುತ್ತದೆ. ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳವರೆಗೆ ಕುಡಿದವನು ಸುಖವಾಗಿಯೇ ಇರುವಂತೆ ತೋರುತ್ತಾನೆ. ವಿಷಮದ್ಯದಲ್ಲಿ ಈಥೈಲ್ ಆಲ್ಕೊಹಾಲೂ ಬೆರೆತಿದ್ದರೆ ಈ ಅವಧಿ ಇನ್ನೂ ಉದ್ದವಾಗುತ್ತದೆ. ಸಂಜೆ ಕುಡಿದು ಮಲಗಿ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಿ, ಮರುದಿನ ಸಂಜೆಗೆ ಕಣ್ಣು ಕಾಣದೆ ಬಿದ್ದವರುಂಟು. ಅಮಲು ಇಳಿದ ಮೇಲೆ ವಿಷ ಏರುತ್ತದೆಂಬುದು ಈ ರೋಗದ ಮರ್ಮ. ಈ ನಡುವಣ ಗಂಟೆಗಳೇ ಚಿಕಿತ್ಸೆಗೆ ದೊರೆಯುವ ಅಮೂಲ್ಯ ಕಾಲ.

ಈಗ ಪ್ರತಿವಿಷದ ವಿಚಾರಕ್ಕೆ ಬರೋಣ. ನಮ್ಮ ಗಾಣಕ್ಕೆ ಎರಡು ಆಲ್ಕೊಹಾಲುಗಳಲ್ಲಿಯೂ ಸಮಾನವಾದ ಪ್ರೀತಿ ಇಲ್ಲ. ಮಿಥೈಲಿಗಿಂತ ಈಥೈಲನ್ನು ಅದು ಹತ್ತಾರು ಪಟ್ಟು ಹೆಚ್ಚಾಗಿ ಹಿಡಿದುಕೊಳ್ಳುತ್ತದೆ. ಎರಡೂ ರಕ್ತದಲ್ಲಿದ್ದರೆ ಈಥೈಲ್ ಒರಳನ್ನು ತುಂಬಿಕೊಂಡು, ಮಿಥೈಲ್ ಹೊರಗೆ ಕಾಯಬೇಕಾಗುತ್ತದೆ. ಕಾಯುವಷ್ಟು ಹೊತ್ತೂ ಅದು ಫಾರ್ಮಿಕ್ ಆಮ್ಲವಾಗುವುದಿಲ್ಲ. ಮೆಲ್ಲಮೆಲ್ಲನೆ ಉಸಿರಿನಲ್ಲಿಯೂ ಮೂತ್ರದಲ್ಲಿಯೂ ಹೊರಡುತ್ತದೆ. ಪ್ರತಿವಿಷವು ವಿಷವನ್ನು ಕೊಲ್ಲುವುದಿಲ್ಲ, ವಿಷದ ತಯಾರಿಕೆಯನ್ನು ನಿಲ್ಲಿಸುತ್ತದೆಂದು ನಾವು ಹೇಳುವುದು ಇದರಿಂದಲೇ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾರ್ವೆ ದೇಶದಲ್ಲಿ ಇಂತಹ ರೋಗಿಗಳನ್ನು ಪರೀಕ್ಷಿಸಿದ ಓಲುಫ್ ರೋ ಎಂಬ ವೈದ್ಯರು, ಮಿಥೈಲಿನ ಜೊತೆಗೆ ಈಥೈಲನ್ನೂ ಕುಡಿದಿದ್ದವರಿಗೆ ಕೇಡು ಕಡಮೆಯಾಗಿದ್ದುದನ್ನು ಗಮನಿಸಿ, ೧೯೪೬ರಲ್ಲಿ ತಮ್ಮ ವಿಚಾರಗಳನ್ನು ಪ್ರಕಟಿಸಿದರು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಮ್ಮ ಮಾತಿನಿಂದ ಅಪಾಯವೇ ಆದೀತು. ಹಾಗಾದರೆ ಮನೆಯಲ್ಲಿಯೇ ಇನ್ನಷ್ಟು ಮದ್ಯವನ್ನು ಕುಡಿಸಿದರಾಯಿತೆಂದು ಯಾರೂ ತಿಳಿಯಕೂಡದು. ರಕ್ತದ ನೂರು ಮಿಲಿಲೀಟರಿನಲ್ಲಿ ಈಥೈಲ್ ಆಲ್ಕೊಹಾಲ್ ಸುಮಾರು ನೂರು ಮಿಲಿಗ್ರಾಮಿನಷ್ಟು ಇರುವಂತೆ ದಿನಗಟ್ಟಲೆ ಕಾಪಾಡಬೇಕು. ಕಡಮೆಯಾದರೆ ಗಾಣಕ್ಕೆ ಮಿಥೈಲ್ ನುಗ್ಗುತ್ತದೆ. ಹೆಚ್ಚಾದರೆ ರೋಗಿಯ ಪ್ರಜ್ಞೆ ತಪ್ಪಿ ಉಸಿರಾಟ ಕುಗ್ಗುತ್ತದೆ. ರಕ್ತದ ಸಕ್ಕರೆಯ ಅಂಶ ಇಳಿಯುವ ಭಯವೂ ಉಂಟು, ಮಕ್ಕಳಲ್ಲಂತೂ ಹೆಚ್ಚು. ಆದಕಾರಣ ಗಂಟೆಗಂಟೆಗೂ ಪರೀಕ್ಷೆ ನಡೆಯಬೇಕು. ಅಂಗಡಿಯಿಂದ ತಂದ ಸೀಸೆಯಲ್ಲಿಯೂ ಅದೇ ವಿಷವಿದ್ದರೆ ಗತಿಯೇನು? ಇದು ವೈದ್ಯರ ಕೈಯ ಕೆಲಸ. ಆದರೆ ದೊಡ್ಡ ಆಸ್ಪತ್ರೆಗೆ ಮಾತ್ರ ಮೀಸಲಾದ ಕೆಲಸವಲ್ಲ. ೨೦೧೨ರಲ್ಲಿ ಝೆಕ್ ದೇಶದಲ್ಲಿ ವಿಷಮದ್ಯದ ಪಿಡುಗು ಹಬ್ಬಿದಾಗ, ಮುಖ್ಯ ಆಸ್ಪತ್ರೆಯನ್ನು ಸೇರುವ ಮುನ್ನವೇ ಈಥೈಲ್ ಆಲ್ಕೊಹಾಲ್ ದೊರೆತಿದ್ದ ರೋಗಿಗಳ ಸ್ಥಿತಿ ದೊರೆಯದವರಿಗಿಂತ ಮೇಲಾಗಿತ್ತೆಂದು ಅಲ್ಲಿಯ ವೈದ್ಯರು ಕಂಡುಕೊಂಡರು. ಊರಿನ ಸಣ್ಣ ಆಸ್ಪತ್ರೆಯ ವೈದ್ಯನೂ ಚಿಕಿತ್ಸೆಯನ್ನು ಆರಂಭಿಸಬಲ್ಲನೆಂಬುದು ಇದರಿಂದ ಸ್ಪಷ್ಟ.

ಈಥೈಲಿಗಿಂತ ಉತ್ತಮವಾದ ಇನ್ನೊಂದು ಪ್ರತಿವಿಷವುಂಟು. ಸ್ವೀಡನ್ನಿನ ಹ್ಯೂಗೋ ಥಿಯೊರೆಲ್, ಕಿಣ್ವಗಳ ಸಂಶೋಧನೆಗಾಗಿ ೧೯೫೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ವಿದ್ವಾಂಸರು. ಪೈರಜೋಲ್ ಎಂಬ ವಸ್ತು ನಮ್ಮ ಈ ಗಾಣವನ್ನು ತಡೆಯುತ್ತದೆಂದು ೧೯೬೦ರ ದಶಕದಲ್ಲಿ ಅವರೂ ಅವರ ಸಹೋದ್ಯೋಗಿಗಳೂ ತೋರಿಸಿಕೊಟ್ಟರು. ಅದೇ ವಂಶದ, ಅದಕ್ಕಿಂತ ಸಾಧುವಾದ ವಸ್ತುವೇ ಫೋಮಿಪಿಜೋಲ್. ಕಿಣ್ವವು ಇದನ್ನು ಈಥೈಲಿಗಿಂತಲೂ ಸಾವಿರಾರು ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಈಥೈಲ್ ಒರಳನ್ನು ತುಂಬಿದ ಬೇರೆ ಕಾಳಾದರೆ, ಇದು ಒರಳಿಗೆ ಜಡಿದ ಬೆಣೆ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಹದಿನೈದು ಮಿಲಿಗ್ರಾಮಿನಂತೆ ಮೊದಲು ಕೊಟ್ಟು, ಆಮೇಲೆ ಹನ್ನೆರಡು ಗಂಟೆಗಳಿಗೊಮ್ಮೆ ಹತ್ತು ಮಿಲಿಗ್ರಾಮಿನಂತೆ ಕೊಡುವುದು ವಾಡಿಕೆ. ಇದರಿಂದ ಅಮಲಿಲ್ಲ, ಗಂಟೆಗಂಟೆಗೂ ಅಳೆಯುವ ತೊಂದರೆಯೂ ಇಲ್ಲ. ಅಮೆರಿಕದ ಅಧಿಕಾರಿಗಳು ೧೯೯೭ರಲ್ಲಿ ಎಥಿಲೀನ್ ಗ್ಲೈಕಾಲ್ ವಿಷಕ್ಕೂ, ೨೦೦೦ದಲ್ಲಿ ಮಿಥೈಲ್ ಆಲ್ಕೊಹಾಲಿಗೂ ಇದನ್ನು ಅಂಗೀಕರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ೨೦೧೩ರಲ್ಲಿ ಇದನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಇದರ ದೋಷ ಒಂದೇ: ಬೆಲೆ. ವಿಷಮದ್ಯಕ್ಕೆ ಬಲಿಯಾಗುವವರು ಬಡವರು. ಅದಕ್ಕೆ ಮದ್ದಾದರೋ ದುಬಾರಿ. ಆದುದರಿಂದಲೇ ಹಳೆಯ ಈಥೈಲ್ ಚಿಕಿತ್ಸೆ ಇನ್ನೂ ಮೂಲೆಗೆ ಸೇರಿಲ್ಲ.

ಮೇಲೆ ಹೇಳಿದ ಎಥಿಲೀನ್ ಗ್ಲೈಕಾಲ್ ಶೀತದೇಶಗಳಲ್ಲಿ ಮೋಟಾರು ಗಾಡಿಗಳ ನೀರು ಹೆಪ್ಪುಗಟ್ಟದಂತೆ ಬೆರೆಸುವ, ಸಿಹಿಯಾದ ದ್ರವ. ಅದೂ ಈ ಗಾಣಕ್ಕೇ ಬಿದ್ದು, ಕಡೆಗೆ ಆಕ್ಸಲಿಕ್ ಆಮ್ಲವಾಗಿ, ಸುಣ್ಣದ ಅಂಶದೊಡನೆ ಕೂಡಿ ಮೂತ್ರಪಿಂಡಗಳಲ್ಲಿ ಹರಳುಗಟ್ಟುತ್ತದೆ. ಕೇಡು ಬೇರೆ, ಗಾಣ ಒಂದೇ. ಆದ್ದರಿಂದ ಪ್ರತಿವಿಷವೂ ಒಂದೇ.

ಗಾಣವನ್ನು ನಿಲ್ಲಿಸಿದ ಮಾತ್ರಕ್ಕೆ ಚಿಕಿತ್ಸೆ ಮುಗಿಯಲಿಲ್ಲ. ಹಾಗೆ ತಡೆದಾಗ ರಕ್ತದಲ್ಲಿರುವ ಮಿಥೈಲ್ ಆಲ್ಕೊಹಾಲ್ ಅರ್ಧಕ್ಕೆ ಇಳಿಯಲು ಎರಡು ದಿನಗಳವರೆಗೂ ಹಿಡಿಯಬಹುದು. ಅದಕ್ಕಿಂತ ಮುಂಚೆಯೇ ತಯಾರಾಗಿರುವ ಆಮ್ಲವನ್ನು ಪ್ರತಿವಿಷವು ಮುಟ್ಟಲಾರದು. ಈ ಎರಡು ಕೊರತೆಗಳನ್ನೂ ಡಯಾಲಿಸಿಸ್ ನೀಗಿಸುತ್ತದೆ: ಯಂತ್ರದ ಮೂಲಕ ರಕ್ತವನ್ನು ಹಾಯಿಸಿ ಆಲ್ಕೊಹಾಲನ್ನೂ ಆಮ್ಲವನ್ನೂ ಕೆಲವು ಗಂಟೆಗಳಲ್ಲಿ ತೊಳೆದುಬಿಡುತ್ತಾರೆ. ಯಂತ್ರವು ಪ್ರತಿವಿಷವನ್ನೂ ತೊಳೆಯುವುದರಿಂದ ಆಗ ಅದರ ಪ್ರಮಾಣವನ್ನು ಹೆಚ್ಚಿಸಬೇಕು. ರಕ್ತದ ಹುಳಿಯನ್ನು ಮುರಿಯಲು ಸೋಡಿಯಂ ಬೈಕಾರ್ಬೊನೇಟನ್ನು, ಎಂದರೆ ಅಡಿಗೆ ಸೋಡದ ಶುದ್ಧ ದ್ರಾವಣವನ್ನು, ರಕ್ತನಾಳಕ್ಕೆ ಹಾಯಿಸುತ್ತಾರೆ. ಫೋಲೇಟ್ ಜಾತಿಯ ಜೀವಸತ್ತ್ವವನ್ನೂ ಕೊಡುವುದುಂಟು. ಫಾರ್ಮಿಕ್ ಆಮ್ಲವು ಅಂಗಾರಾಮ್ಲ ಮತ್ತು ನೀರಾಗಿ ಒಡೆಯಲು ಅದು ನೆರವಾಗುತ್ತದೆ. ಇಲಿ, ನಾಯಿಗಳ ದೇಹದಲ್ಲಿ ಈ ಒಡೆಯುವಿಕೆ ಚುರುಕು. ಮನುಷ್ಯನಲ್ಲಿಯೂ ಕೋತಿಯಲ್ಲಿಯೂ ಮಂದ. ಇಲಿಗಳ ಮೇಲೆ ನಡೆದ ಪರೀಕ್ಷೆಗಳು ಮನುಷ್ಯನ ಕುರುಡಿನ ಕಾರಣವನ್ನು ಬಹುಕಾಲ ಮರೆಮಾಡಿದುದು ಇದರಿಂದಲೇ.

ಇಷ್ಟರಿಂದ ಒಂದು ಸಂಗತಿ ನಮಗೆ ಮನದಟ್ಟಾಗಬೇಕು. ಪ್ರತಿವಿಷದ ಪೂರ್ಣ ಪ್ರಯೋಜನ ದೊರೆಯುವುದು ಆಮ್ಲವು ಇನ್ನೂ ತಯಾರಾಗದವನಿಗೆ, ಎಂದರೆ ನೋಡಲು ಆರೋಗ್ಯವಾಗಿಯೇ ಇರುವವನಿಗೆ. ಕಣ್ಣು ಕತ್ತಲೆಯಾಗಿ ಬಂದವನ ಪ್ರಾಣವನ್ನು ಉಳಿಸಬಹುದು. ನಷ್ಟವಾದ ನರವನ್ನು ಮರಳಿ ತರಲು ಯಾವ ಔಷಧಕ್ಕೂ ಸಾಧ್ಯವಿಲ್ಲ. ಆದುದರಿಂದ ಒಂದು ಕೇರಿಯಲ್ಲಿ ಒಬ್ಬನು ಈ ಲಕ್ಷಣಗಳಿಂದ ಬಿದ್ದನೆಂದರೆ, ಅವನೊಬ್ಬನನ್ನೇ ಆಸ್ಪತ್ರೆಗೆ ಸಾಗಿಸಿದರೆ ಸಾಲದು. ಅವನೊಡನೆ ಅದೇ ಸೀಸೆಯಿಂದ ಕುಡಿದವರು ಯಾರು ಯಾರೆಂದು ಆಗಲೇ ವಿಚಾರಿಸಿ, ತಮಗೇನೂ ಆಗಿಲ್ಲವೆಂದು ಅವರು ಹೇಳಿದರೂ ಕೇಳದೆ, ಎಲ್ಲರನ್ನೂ ಕರೆತರಬೇಕು. ಮಿಥೈಲ್ ಆಲ್ಕೊಹಾಲನ್ನು ರಕ್ತದಲ್ಲಿ ನೇರವಾಗಿ ಅಳೆಯುವ ಉಪಕರಣ ಎಲ್ಲೆಡೆಯೂ ಇರುವುದಿಲ್ಲ. ಹಾಗಿರುವಾಗ ವೈದ್ಯರು ರಕ್ತದ ಹುಳಿಯನ್ನು ನೋಡಿ, ಕುಡಿದ ಸಂಗತಿಯನ್ನು ಕೇಳಿ, ಸಂಶಯದ ಮೇಲೆಯೇ ಚಿಕಿತ್ಸೆಯನ್ನು ಆರಂಭಿಸಬೇಕಾಗುತ್ತದೆ. ಅವರಿಗೆ ಅತ್ಯಂತ ಉಪಯುಕ್ತವಾದ ಸಾಕ್ಷ್ಯವೆಂದರೆ ರೋಗಿಯ ಅಥವಾ ಅವನ ಮನೆಯವರ ನಿಜವಾದ ಮಾತು.

ಆ ಮಾತು ಹೊರಬೀಳದಂತೆ ತಡೆಯುವುವು ಎರಡು: ಪೋಲೀಸರ ಭಯ ಮತ್ತು ನಾಚಿಕೆ. ಭಯವು ಕುಡಿದವನದು. ನಾಚಿಕೆಗೆ ಮಾತ್ರ ಸುಶಿಕ್ಷಿತರಾದ ನಾವೂ ಕಾರಣರು. ಕುಡುಕನು ತನ್ನ ಕರ್ಮಫಲವನ್ನು ತಾನೇ ಅನುಭವಿಸಲೆಂದು ನಾವು ಆಡುವ ಮಾತು ನಮ್ಮ ಮನೆಯ ಕೆಲಸದಾಕೆಯ ಕಿವಿಗೂ ಬೀಳುತ್ತದೆ. ಮಾರನೆಯ ದಿನ ಅವಳ ಗಂಡನ ಕಣ್ಣು ಮಂಜಾದಾಗ ಅವಳು ನಮ್ಮೊಡನೆ ಬಾಯಿ ಬಿಡುವುದಿಲ್ಲ. ಕುಡಿತವು ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಅದನ್ನು ಬಿಡಿಸುವ ಉಪದೇಶಕ್ಕೆ ಬೇರೆ ದಿನಗಳಿವೆ. ವಿಷವು ರಕ್ತದಲ್ಲಿ ಸೇರಿ ಗಾಣವು ತಿರುಗುತ್ತಿರುವ ಆ ಕೆಲವು ಗಂಟೆಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಮೂರೇ: ಏನು ಕುಡಿದೆ, ಯಾವಾಗ ಕುಡಿದೆ, ಜೊತೆಗೆ ಯಾರು ಕುಡಿದರು.