ಸೋರುವ ಮಾಳಿಗೆ, ಕುಸಿದ ಗೋಡೆ, ಮನೆ ವಿಮೆ: ತಪ್ಪು ಕಲ್ಪನೆ ಮತ್ತು ಸತ್ಯ

ಗದಗ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಮುಂಗಾರಿಗೆ ಮುನ್ನ ಮಾಡುವ ಕೆಲಸವೊಂದಿದೆ. ಮಾಳಿಗೆ ಹತ್ತಿ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಕರಲು ಮಣ್ಣು ಹರಡಿ, ನೀರು ಹರಿದುಹೋಗುವ ದೋಣಿಯನ್ನು ಚೊಕ್ಕಟ ಮಾಡುವುದು. ಈಗ ಬೆಟಗೇರಿಯಿಂದ ಶಿರಹಟ್ಟಿಯವರೆಗೆ ಆರ್‌ಸಿಸಿ ಮನೆಗಳು ಎದ್ದಿವೆ, ಗೃಹಸಾಲದ ಜೊತೆ ವಿಮೆಯೂ ಬಂದಿದೆ. ಇದರೊಂದಿಗೆ ಕೆಲವು ತಪ್ಪು ತಿಳಿವಳಿಕೆಗಳೂ ಬಂದಿವೆ. ಅವು ಗೊತ್ತಾಗುವುದು ಮನೆಗೆ ಹಾನಿಯಾದ ಮೇಲೆ. ಅದಕ್ಕೆ ಮುಂಚೆಯೇ ತಿಳಿದುಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ 1: ವಿಮೆ ಇದ್ದರೆ ಮನೆಗೆ ಏನೇ ಆದರೂ ಹಣ ಬರುತ್ತದೆ.

ಸತ್ಯ: ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ. ಅದು ಹೆಸರಿಸಿದ ಆಪತ್ತುಗಳಿಗೆ ಮಾತ್ರ ರಕ್ಷಣೆ ಕೊಡುತ್ತದೆ: ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು ಮುಂತಾದವು. ವರ್ಷಗಟ್ಟಲೆ ಜಿನುಗಿದ ತೇವ, ಗೆದ್ದಲು ತಿಂದ ತೊಲೆ, ತುಕ್ಕು ಹಿಡಿದ ಸರಳು ಆ ಪಟ್ಟಿಯಲ್ಲಿಲ್ಲ. ದಿಢೀರನೆ ಬಂದೆರಗಿದ ಆಪತ್ತು ವಿಮೆಯ ಪಾಲು, ನಿಧಾನವಾಗಿ ಆಗುವ ಸವೆತ ಮನೆಯವರ ಪಾಲು.

ತಪ್ಪು ಕಲ್ಪನೆ 2: ಮಳೆಗಾಲದಲ್ಲಿ ಗೋಡೆ ಬಿದ್ದರೆ ಅದು ಮಳೆಹಾನಿಯೇ.

ಸತ್ಯ: ಯಾವ ಕಾಲದಲ್ಲಿ ಬಿತ್ತು ಎನ್ನುವುದಕ್ಕಿಂತ ಯಾವ ಕಾರಣಕ್ಕೆ ಬಿತ್ತು ಎನ್ನುವುದು ಮುಖ್ಯ. ಮುಂಡರಗಿ ತಾಲ್ಲೂಕಿನ ತುಂಗಭದ್ರೆಯ ದಂಡೆಯಲ್ಲಿ ಹೊಳೆನೀರು ನುಗ್ಗಿ ಗೋಡೆ ಕುಸಿದರೆ ಅದು ನೆರೆ. ಆದರೆ ನೀರು ಹರಿದುಹೋಗಲು ದಾರಿಯಿಲ್ಲದೆ, ನಾಲ್ಕು ಮಳೆಗಾಲ ಬುಡ ನೆನೆದು ಮೆತ್ತಗಾದ ಗೋಡೆ ಐದನೆಯದರಲ್ಲಿ ಕುಸಿದರೆ ಹಾನಿ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಹಳೆಯ ನೀರಿನ ಕಲೆ, ಉದುರಿದ ಗಿಲಾವು, ಪಾಚಿ ಇವನ್ನೆಲ್ಲ ನೋಡುತ್ತಾರೆ. ಹಳೆಯ ಹಾಳು, ಹೊಸ ಹಾನಿ ಒಂದರಲ್ಲೊಂದು ಬೆರೆತುಹೋದಲ್ಲಿ ಕ್ಲೇಮು ಕಡಿಮೆಯಾಗುವುದೂ ಉಂಟು, ತಿರಸ್ಕೃತವಾಗುವುದೂ ಉಂಟು.

ತಪ್ಪು ಕಲ್ಪನೆ 3: ಗೋಡೆಯ ಬಿರುಕೆಲ್ಲ ನೆಲ ಕುಸಿತದ ಲೆಕ್ಕಕ್ಕೆ ಸೇರುತ್ತದೆ.

ಸತ್ಯ: ನಮ್ಮ ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಮೇಲುಮೇಲೆ ಹಾಕಿದ ಪಾಯ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಪಾಲಿಸಿಯಲ್ಲಿ ನೆಲ ಕುಸಿತಕ್ಕೆ ರಕ್ಷಣೆಯಿದ್ದರೂ ಹೊಸ ಕಟ್ಟಡದ ಸಹಜ ಬಿರುಕು, ತುಂಬಿದ ಮಣ್ಣಿನ ಇಳಿತ, ದೋಷಪೂರಿತ ವಿನ್ಯಾಸ, ಕಳಪೆ ಕೆಲಸ ಇವನ್ನು ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ಆದ್ದರಿಂದ ಪಾಯದ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಬಚ್ಚಲ ನೀರನ್ನು ಗೋಡೆಯಿಂದ ದೂರ ಹರಿಸಬೇಕು. ಬಿರುಕು ಹಿಗ್ಗುತ್ತಿದ್ದರೆ ಎಂಜಿನಿಯರರಿಗೆ ತೋರಿಸಬೇಕು.

ತಪ್ಪು ಕಲ್ಪನೆ 4: ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಬಿದ್ದರೆ ಏನೂ ಸಿಗುವುದಿಲ್ಲ.

ಸತ್ಯ: ಶಾರ್ಟ್ ಆಗಿ ಸುಟ್ಟ ಆ ಒಂದು ಯಂತ್ರಕ್ಕೆ ಮಾತ್ರ ಪರಿಹಾರವಿಲ್ಲ. ಅದರಿಂದ ಬೆಂಕಿ ಹಬ್ಬಿ ಛಾವಣಿ, ಬಾಗಿಲು, ಕಪಾಟು ಸುಟ್ಟರೆ ಆ ಹಾನಿ ಬೆಂಕಿಯ ಲೆಕ್ಕಕ್ಕೆ ಬರುತ್ತದೆ. ಹಾಗೆಂದು ಹಳೆಯ ವೈರಿಂಗ್ ಮೇಲೆ ಹೊಸ ಹೊರೆ ಹೇರುವುದು ತರವಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ತಪಾಸಣೆ ಮಾಡಿಸಿ, ರಸೀದಿ ಕಾಯ್ದಿಡಿ.

ತಪ್ಪು ಕಲ್ಪನೆ 5: ಮನೆಯೊಳಗಿನ ಮಗ್ಗವೂ ಮನೆ ಸಾಮಾನೇ.

ಸತ್ಯ: ಬೆಟಗೇರಿಯ ನೇಕಾರರ ಮನೆಗಳಲ್ಲಿ ವಾಸ, ದುಡಿಮೆ ಎರಡೂ ಒಂದೇ ಸೂರಿನಡಿ. ಆದರೆ ಮನೆ ವಿಮೆ ವಾಸದ ಕಟ್ಟಡಕ್ಕೆ, ಗೃಹಬಳಕೆಯ ವಸ್ತುಗಳಿಗೆ. ಮಗ್ಗ, ನೂಲು, ಮಾರಾಟದ ಸೀರೆಗಳಿಗೆ ಬೇರೆ ರಕ್ಷಣೆ ಕೇಳಬೇಕು. ಮನೆಯಲ್ಲಿ ಮಗ್ಗ ನಡೆಯುವ ಸಂಗತಿಯನ್ನು ಅರ್ಜಿಯಲ್ಲೇ ಬರೆಯಬೇಕು. ಗೋಡೆ ಮಣ್ಣಿನದೋ ಕಲ್ಲಿನದೋ, ಛಾವಣಿ ಯಾವುದು ಎಂಬುದನ್ನೂ ಮುಚ್ಚಿಡಬಾರದು. ಮನೆಯ ಕಾರ್ಪೆಟ್ ವಿಸ್ತೀರ್ಣವನ್ನು ಶೇಕಡಾ 10ಕ್ಕಿಂತ ಹೆಚ್ಚು ಬೆಳೆಸಿದರೆ ಕಂಪನಿಗೆ ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ಇಲ್ಲದಿದ್ದರೆ ಆ ಹೊಸ ಭಾಗಕ್ಕೆ ರಕ್ಷಣೆ ಇರುವುದಿಲ್ಲ.

ತಪ್ಪು ಕಲ್ಪನೆ 6: ಬ್ಯಾಂಕಿನವರು ವಿಮೆ ಮಾಡಿಸಿದ್ದಾರೆ, ಇಲ್ಲದಿದ್ದರೂ ಸರ್ಕಾರ ಕೊಡುತ್ತದೆ.

ಸತ್ಯ: ಗೃಹಸಾಲದ ಜೊತೆ ಬಂದದ್ದು ಸಾಲಗಾರನ ಜೀವವಿಮೆಯಾಗಿರಬಹುದು. ಅದರಿಂದ ಕಟ್ಟಡಕ್ಕೆ ನಯಾಪೈಸೆ ಬಾರದು. ಪಾಲಿಸಿ ಪತ್ರ ತೆರೆದು ನೋಡಿ. ಇನ್ನು 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿದ್ದು ನಿಜ. ಆದರೆ ಅದು ಆ ಸಂಕಟಕ್ಕೆ ಕೊಟ್ಟ ನೆರವು, ಪ್ರತಿ ಸಲವೂ ಅಷ್ಟೇ ಸಿಗಬೇಕೆಂದು ಒಪ್ಪಂದವೇನೂ ಇಲ್ಲ.

ತಪ್ಪು ಕಲ್ಪನೆ 7: ‘ನಿರ್ವಹಣೆ ಸರಿಯಿಲ್ಲ’ ಎಂದು ಕಂಪನಿ ಹೇಳಿದರೆ ಅಲ್ಲಿಗೆ ಮುಗಿಯಿತು.

ಸತ್ಯ: ಮನೆ ಹಳೆಯದು ಎನ್ನುವುದು ಒಂದೇ ತಿರಸ್ಕಾರಕ್ಕೆ ಕಾರಣವಾಗದು. ಯಾವ ಷರತ್ತಿನಡಿ ನಿರಾಕರಿಸಿದರು ಎಂದು ಲಿಖಿತವಾಗಿ ಕೇಳಿ. ಮೊದಲು ಕಂಪನಿಗೇ ದೂರು ಕೊಡಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. 50 ಲಕ್ಷ ರೂಪಾಯಿವರೆಗಿನ ಪರಿಹಾರದ ತಕರಾರು ಅಲ್ಲಿ ಶುಲ್ಕವಿಲ್ಲದೆ ನಡೆಯುತ್ತದೆ. ವಕೀಲರೂ ಬೇಕಿಲ್ಲ.

ಅಲ್ಲಿ ನಿಮ್ಮ ಪರ ಮಾತಾಡುವುದು ದಾಖಲೆ. ಪ್ರತಿವರ್ಷ ಮಳೆಗೆ ಮುನ್ನ ಛಾವಣಿ, ಗೋಡೆ, ಪಾಯ, ಮೀಟರ್ ಬೋರ್ಡ್‌ಗಳ ಫೋಟೊ ದಿನಾಂಕದೊಂದಿಗೆ ತೆಗೆದಿಡಿ. ಗೌಂಡಿ ಕೆಲಸದ ಚೀಟಿ, ಸಿಮೆಂಟಿನ ಬಿಲ್ಲು ಬಿಸಾಡಬೇಡಿ. ಹಾನಿಯಾದೊಡನೆ ಕಂಪನಿಗೆ ತಿಳಿಸಿ. ಹಾನಿ ಹೆಚ್ಚದಂತೆ ತಾಡಪಾಲು ಹೊದಿಸಿ, ಆದರೆ ಸರ್ವೇಯರ್ ನೋಡುವವರೆಗೆ ಅವಶೇಷ ಸಾಗಿಸಬೇಡಿ. ಹಿರಿಯರು ಮಾಳಿಗೆ ನೋಡಿಕೊಳ್ಳುತ್ತಿದ್ದದ್ದು ಮನೆ ಬಾಳಲೆಂದು. ಅದೇ ಕೆಲಸವನ್ನು ಇಂದು ದಾಖಲೆಯೊಂದಿಗೆ ಮಾಡಿದರೆ ಮನೆಯೂ ಉಳಿಯುತ್ತದೆ, ಕಷ್ಟ ಬಂದಾಗ ಹಕ್ಕಿನ ಹಣವೂ ಕೈಸೇರುತ್ತದೆ.