ತಲೆವಸ್ತ್ರದಂಚಿನ ಮೆಣಸಿನಕಾಯಿ

ಗಂಡನ ಮೇಲೆ ಸಿಟ್ಟಿದೆ, ತುಂಬಿದ ಮನೆಯಲ್ಲಿ ಬಾಯಿಬಿಡುವ ಹಾಗಿಲ್ಲ. ಟರ್ಕಿಯ ಅನತೋಲಿಯಾ ಸೀಮೆಯ ಹೊಸ ಸೊಸೆ ಅಂಥ ಹೊತ್ತಿನಲ್ಲಿ ಅಂಚಿಗೆ ಕೆಂಪು ಮೆಣಸಿನಕಾಯಿ ಹೆಣೆದ ವಸ್ತ್ರವನ್ನು ತಲೆಗೆ ಕಟ್ಟಿಕೊಳ್ಳುತ್ತಿದ್ದಳು. ಸಂಸಾರ ಖಾರವಾಗಿದೆ ಎಂಬುದು ಊರಿಗೇ ತಿಳಿಯುತ್ತಿತ್ತು.

ಈ ಅಂಚಿನ ಹೆಣಿಗೆಗೆ ‘ಓಯಾ’ ಎಂದು ಹೆಸರು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ನಮ್ಮ ಹೆಂಗಸರಿಗೆ ಇದರ ಕಷ್ಟ ಬೇಗ ಅರ್ಥವಾದೀತು. ಕ್ರೋಶಾ ಕಡ್ಡಿಯಲ್ಲಿ, ಮಣಿಗಳಲ್ಲಿ ಮಾಡುವ ಓಯಾಗಳೂ ಇವೆ, ನಾಜೂಕಿನದೆಂದರೆ ಸೂಜಿಯದು. ಬಟ್ಟೆಯಂಚಿಗೆ ಸೂಜಿ ಚುಚ್ಚಿ, ಅದು ಪೂರ್ತಿ ಹೊರಬರುವ ಮೊದಲೇ ರೇಷ್ಮೆ ದಾರವನ್ನು ಅದಕ್ಕೆ ಸುತ್ತಿ ಎಳೆದರೆ ಒಂದು ಗಂಟು. ಗಂಟುಗಳ ಸಾಲಿನ ಮೇಲೆ ಇನ್ನೊಂದು ಸಾಲು. ಸಾಲಿಗೊಂದು ಕುಣಿಕೆ ಕಡಿಮೆ ಮಾಡುತ್ತ ಹೋದರೆ ಮುಕ್ಕೋನದ ದಳ. ದಳ ಬಾಗದೆ ನಿಲ್ಲಲೆಂದು ಅಂಚಿನೊಳಗೆ ಕುದುರೆಕೂದಲು ಸೇರಿಸುವುದೂ ಉಂಟು.

ಮೆಣಸಿನಕಾಯಿಯಂತೆ ಹೀಗೆ ಹೆಣೆದ ಹೂಗಳಿಗೂ ಒಂದೊಂದು ಮಾತಿತ್ತು. ಒಲಿದವನೊಂದಿಗೆ ನಿಶ್ಚಿತಾರ್ಥವಾದ ಹುಡುಗಿಗೆ ಬಾದಾಮಿ ಹೂ; ಪ್ರೀತಿಯಲ್ಲಿ ಬಿದ್ದವಳಿಗೆ ನೇರಳೆ ಬಣ್ಣದ ಹಯಸಿಂತ್. ದುಡಿಯಲು ಗಂಡ ದೂರದೇಶಕ್ಕೆ ಹೋಗಿದ್ದರೆ ಕಾಡುಗುಲಾಬಿ. ಕೈಗೂಡದ ಪ್ರೇಮಕ್ಕೆ ಹಳದಿ ನರ್ಗಿಸ್. ನಲವತ್ತು ದಾಟಿದವಳು ಕತ್ತು ಬಾಗಿದ ಟ್ಯುಲಿಪ್ ಧರಿಸಿದರೆ, ಮುದುಕಿಯರ ಪಾಲಿಗೆ ಪುಟ್ಟ ಕಾಡುಹೂಗಳು.

ಪ್ರೀತಿಗಿಂತ ಜಗಳದ ಭಾಷೆಯೇ ನನಗೆ ಹೆಚ್ಚು ಹಿಡಿಸಿತು. ಸೊಸೆ ಅತ್ತೆಗೆ ‘ಹುಲ್ಲುಗಾವಲು’ ಓಯಾ ಕೊಟ್ಟರೆ ಮನೆ ನೆಮ್ಮದಿಯಾಗಿದೆ ಎಂದರ್ಥ. ‘ಗೋರಿಕಲ್ಲು’ ಕೊಟ್ಟಳೋ, ನಮ್ಮಿಬ್ಬರ ನಡುವಿನ ತಣ್ಣನೆಯ ಮುನಿಸು ಸಾಯುವ ತನಕ ಹೋಗುವುದಿಲ್ಲ! ಬಾಯಲ್ಲಿ ಆಡಿದ್ದರೆ ಅದು ಎದುರುತ್ತರ. ಕೈಯಿಂದ ಹೆಣೆದು ಕೊಟ್ಟರೆ ಉಡುಗೊರೆ. ಅತ್ತೆ ಬೇಡವೆನ್ನುವುದಾದರೂ ಹೇಗೆ?

ಹಾಗಂತ ಇದನ್ನು ನಿಘಂಟಿನಂತೆ ಓದಬಾರದು. ಊರು ಬದಲಾದರೆ ಹೂವಿನ ಹೆಸರೂ ಅರ್ಥವೂ ಬದಲಾಗುತ್ತವೆ. ಹೆಂಗಸರಿಗಷ್ಟೇ ಮೀಸಲೆಂದೂ ತಿಳಿಯಬೇಕಿಲ್ಲ: ಏಜಿಯನ್ ಕರಾವಳಿ ಸೀಮೆಯ ‘ಎಫೆ’ಗಳು, ಬಂದೂಕು ಹಿಡಿದ ಗಟ್ಟಿಗರು, ಟೋಪಿಗೆ ಸುತ್ತಿದ ವಸ್ತ್ರದಲ್ಲಿ ಸಾಲುಸಾಲು ಓಯಾ ಹೂ ಮುಡಿಯುತ್ತಿದ್ದರು.

ಅಂಕಾರಾ ಪ್ರಾಂತ್ಯದ ನಲ್ಲಹಾನ್ ಇಂದಿಗೂ ಸೂಜಿ ಓಯಾಕ್ಕೆ ಹೆಸರಾದ ಊರು. ಹೂಗಳು ಈಗ ವಸ್ತ್ರದಂಚು ಬಿಟ್ಟು ಕಿವಿಯೋಲೆ, ಕೊರಳಹಾರಗಳಾಗಿವೆ. ಗಂಟುಗಳೇ ಆಕಾರ ಹಿಡಿದು ನಿಲ್ಲುವುದರಿಂದ ಬಟ್ಟೆಯ ಆಸರೆ ಬೇಕಿಲ್ಲ. ಅಂಗಡಿಯಲ್ಲಿ ಮೆಣಸಿನಕಾಯಿ ಓಲೆ ಕೊಳ್ಳುವವರು ಗಂಡನನ್ನು ಜೊತೆಗೆ ಕರೆದೊಯ್ಯುವುದು ಅವರವರ ಧೈರ್ಯಕ್ಕೆ ಬಿಟ್ಟದ್ದು.